ಕೋಟೆ ಕಟ್ಟದ ರಾಜ

ನನ್ನ ಅಪ್ಪನ ಚದುರಂಗದಲ್ಲಿ ಕ್ಯಾಸ್ಲಿಂಗ್, ಅಂದರೆ ರಾಜನಿಗೆ ಕೋಟೆ ಕಟ್ಟುವುದು, ಇರಲಿಲ್ಲ. ರಾಜ ಎರಡು ಮನೆ ಸರಿದು ಮೂಲೆಯ ಕಡೆ ಹೋಗುವುದು, ಮೂಲೆಯ ಆನೆ ಅವನನ್ನು ದಾಟಿ ಈಚೆ ಬಂದು ಕಾವಲು ನಿಲ್ಲುವುದು, ಇದೆಲ್ಲ ಅವನಿಗೆ ಗೊತ್ತೇ ಇರಲಿಲ್ಲ. ಅವನ ರಾಜನಿಗೆ ಇದ್ದದ್ದು ಒಂದೇ ಒಂದು ಹಾರಿಕೆ. ಅಲ್ಲಿಯವರೆಗೆ ಯಾರೂ ಶಹ ಕೊಟ್ಟಿರದಿದ್ದರೆ, ಇಡೀ ಆಟದಲ್ಲಿ ಒಂದು ಸಲ, ರಾಜ ಕುದುರೆಯ ಹಾಗೆ ಎರಡೂವರೆ ಮನೆ ಹಾರಬಹುದಿತ್ತು. ದಾರಿಯಲ್ಲಿ ಯಾರು ನಿಂತಿದ್ದರೂ ಅವರ ತಲೆಯ ಮೇಲಿಂದಲೇ ಹೋಗುತ್ತಿದ್ದ. ಕಲಬುರಗಿ ಕಡೆಯ ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಅಪ್ಪನ ಅಪ್ಪನೂ ಹಾಗೇ ಆಡುತ್ತಿದ್ದನಂತೆ.

ಅಪ್ಪ ಗೌಂಡಿ. ನಾನು ನಡೆಯಲು ಕಲಿಯುವ ಮೊದಲೇ ಪುಣೆಗೆ ಬಂದವನು. ಕಟ್ಟಡ ಏಳುತ್ತಿದ್ದಲ್ಲೇ ನಮ್ಮ ಬಿಡಾರ. ಮೊದಲು ತಗಡಿನ ಶೆಡ್ಡು, ಸ್ಲ್ಯಾಬ್ ಬಿದ್ದ ಮೇಲೆ ಕೆಳಗಿನ ಮನೆ. ಮನೆ ಕೊಂಡವರಿಗಿಂತ ಮೊದಲು ಆ ಮನೆಯಲ್ಲಿ ಒಗ್ಗರಣೆ ಹಾಕಿದವರು ನಾವು. ನೆಲಕ್ಕೆ ಫರಸಿ ಕಲ್ಲು ಹಾಕುವ ದಿನ ಬಂತೆಂದರೆ ಗಂಟುಮೂಟೆ ಕಟ್ಟಬೇಕು. ಅಷ್ಟರೊಳಗೆ ಅಪ್ಪ ನೆಲದ ಮೇಲೆ ಇಟ್ಟಿಗೆ ಚೂರಿನಿಂದ ಅರವತ್ತನಾಲ್ಕು ಮನೆ ಗೀಚಿರುತ್ತಿದ್ದ. ನಟ್ಟುಗಳು ಕಾಲಾಳು, ಬೋಲ್ಟುಗಳು ಆನೆ, ಟೈಲ್ಸಿನ ಚೂರು ಒಂಟೆ. ಒಂದು ಕಡೆಯ ರಾಜನಾಗಿ ಮುರಿದ ನಲ್ಲಿಯ ಹಿಡಿ ಇತ್ತು. ಊರೂರು ತಿರುಗಿದರೂ ಆ ಹಿಡಿಯನ್ನು ಅಪ್ಪ ಕಳೆಯಲಿಲ್ಲ.

"ರಾಜ ಒಂದಽ ಸಲ ಹಾರತಾನ, ಯವ್ವಾ. ಹಾರೂ ಮುಂದ ನೆಲಾ ನೋಡಿ ಹಾರಬೇಕು," ಎನ್ನುತ್ತಿದ್ದ. ಅವನದೊಂದು ಖಾಯಂ ಪಟ್ಟು ಇತ್ತು. ರಾಜನ ಬಲಗಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳುವುದು. ಅದು ಬಿಟ್ಟ ಜಾಗಕ್ಕೆ ರಾಜನನ್ನು ಒಂದೇ ಹಾರಿಕೆಗೆ ತಂದು ಕೂರಿಸುವುದು. ಅದಕ್ಕೆ ಗೂಡು ಎಂದು ಹೆಸರಿಟ್ಟಿದ್ದ. ಏಳನೆಯ ವಯಸ್ಸಿನಿಂದ ಮದುವೆಯಾಗುವವರೆಗೆ ನಾನು ಎಷ್ಟು ಸಲ ಗೂಡು ಕಟ್ಟಿದ್ದೇನೋ ಲೆಕ್ಕವಿಲ್ಲ. ಆ ನಡೆ ತಲೆಯಲ್ಲಿ ಇರಲಿಲ್ಲ, ಕೈಯಲ್ಲಿ ಇತ್ತು. ಅದೇ ಆಮೇಲೆ ನನ್ನ ಮಾನ ಹರಾಜು ಹಾಕಿತು.

ಈಗ ನಾನು ಪುಣೆಯ ಪಕ್ಕದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್ಪೆಕ್ಟರು. ಲೇಥಿನಿಂದ ಬಂದ ಬಿಡಿಭಾಗಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು, ಸರಿಯಿದ್ದದ್ದನ್ನು ಹಸಿರು ಟ್ರೇಗೆ, ತಪ್ಪಿದ್ದನ್ನು ಕೆಂಪು ಟ್ರೇಗೆ ಹಾಕುವ ಕೆಲಸ. ಕೂದಲೆಳೆಯಷ್ಟು ಹೆಚ್ಚಾದರೂ ನಾನು ಬಿಡುವವಳಲ್ಲ. ಅದಕ್ಕೇ ಲೇಥಿನವರು ನನ್ನನ್ನು ಕಂಡರೆ ಮುಖ ಗಂಟು ಹಾಕುತ್ತಾರೆ. ಹಾಕಲಿ. ಮುಖಕ್ಕೆ ನಾನು ಗೇಜು ಹಿಡಿಯುವುದಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಗಣಪತಿ ಕೂರಿಸಿದ ಹತ್ತು ದಿನವೂ ಸ್ಪರ್ಧೆಗಳು. ಗಂಡಸರಿಗೆ ಕ್ಯಾರಂ, ಚೆಸ್, ಕ್ರಿಕೆಟ್. ಹೆಂಗಸರಿಗೆ ರಂಗೋಲಿ, ಸಂಗೀತ ಕುರ್ಚಿ, ಚಮಚದಲ್ಲಿ ಲಿಂಬೆಹಣ್ಣು. ಹೀಗೆಂದು ಯಾರೂ ಎಲ್ಲೂ ಬರೆದಿಲ್ಲ, ಆದರೆ ನೋಟೀಸು ಬೋರ್ಡಿನಲ್ಲಿ ಎರಡು ಹಾಳೆ ಅಂಟಿಸುತ್ತಾರೆ, ಯಾವ ಹಾಳೆ ಯಾರದೆಂದು ಎಲ್ಲರಿಗೂ ಗೊತ್ತು. ರಂಗೋಲಿಯಲ್ಲಿ ನನಗೆ ಮೂರು ಸಲ ಬಹುಮಾನ ಬಂದಿದೆ. ಮೂರು ಸಲವೂ ಸ್ಟೀಲ್ ಡಬ್ಬಿ. ಒಂದರಲ್ಲಿ ತೊಗರಿಬೇಳೆ, ಒಂದರಲ್ಲಿ ಜೋಳದ ಹಿಟ್ಟು, ಮೂರನೆಯದನ್ನು ಸಿಟ್ಟಿಗೆ ಖಾಲಿ ಬಿಟ್ಟಿದ್ದೇನೆ.

ಹೋದ ವರ್ಷ ಚೆಸ್ ತಂಡದ ಒಬ್ಬರಿಗೆ ರಾಂಜಣಗಾಂವಿನ ಕಾರ್ಖಾನೆಗೆ ವರ್ಗವಾಯಿತು. ನಾಲ್ಕು ಜನರ ತಂಡ ಅದು. ಭೋಸರಿಯ ಕಾರ್ಖಾನೆಗಳ ನಡುವಿನ ಪಂದ್ಯಕ್ಕೆ ನಮ್ಮ ಕಡೆಯಿಂದ ಹೋಗುತ್ತದೆ. ಒಂದು ಕುರ್ಚಿ ಖಾಲಿಯಾಯಿತಲ್ಲ, ನಾನು ಹೋಗಿ ಹೆಸರು ಕೊಟ್ಟೆ. ತಂಡದ ನಾಯಕರು ಪರ್ಚೇಸ್ ವಿಭಾಗದ ಸಾಹೇಬರು. ಹಳೆಯ ಪುಣೆಯ ಸದಾಶಿವ ಪೇಠೆಯವರು, ಭಾನುವಾರ ಮಕ್ಕಳಿಗೆ ಚೆಸ್ ಕಲಿಸುವವರು. ಮಾತಾಡುವುದು ಮರಾಠಿ. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಗೊತ್ತಾದರೆ ತಪ್ಪು ಹುಡುಕುತ್ತಾರೆ.

"ಮ್ಯಾಡಮ್, ಇದು ಚೆಸ್ಸಿನ ಹಾಳೆ," ಅಂದರು.

"ಗೊತ್ತು ಸರ್. ಓದೋಕೆ ಬರುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. ಒಳ್ಳೆಯ ಮನುಷ್ಯರೇ. ಒಳ್ಳೆಯತನದಿಂದಲೇ ಅಡ್ಡ ನಿಲ್ಲುವವರನ್ನು ದಾಟುವುದು ಕಷ್ಟ. ಕೊನೆಗೆ ಅಂದರು: "ಒಂದು ಆಟ ಆಡಿ ನೋಡೋಣ, ನನ್ನ ಜೊತೆ. ಗೆದ್ದರೆ ಕುರ್ಚಿ ನಿಮ್ಮದು. ಇಲ್ಲವಾದರೆ ನಿಮ್ಮ ರಂಗೋಲಿ ಇದ್ದೇ ಇದೆಯಲ್ಲ, ಎಷ್ಟು ಚೆನ್ನಾಗಿ ಹಾಕ್ತೀರಿ!"

ನನಗೆ ಆ ಕುರ್ಚಿ ಬೇಕಿತ್ತು. ಸುಮ್ಮನೆ ಹಟಕ್ಕಲ್ಲ. ಇಷ್ಟು ವರ್ಷ ಬೇರೆಯವರು ಮಾಡಿದ್ದನ್ನು ನಾನು ಅಳೆಯುತ್ತಲೇ ಬಂದೆ, ನಾನು ಏನು ಮಾಡಬಲ್ಲೆ ಎಂದು ಯಾರೂ ಅಳೆದಿರಲಿಲ್ಲ. ಆ ವಾರ ನನಗೆ ಅನ್ನ ರುಚಿಸಲಿಲ್ಲ.

ಕ್ಯಾಸ್ಲಿಂಗ್ ನನಗೆ ಗೊತ್ತಿರಲಿಲ್ಲ ಎಂದಲ್ಲ. ಮೊಬೈಲಿನಲ್ಲಿ ಆಡಿ ಕಲಿತಿದ್ದೆ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ, ಒಂದು ಕೈ ಕಂಬಿಗೆ, ಒಂದು ಕೈ ಆಟಕ್ಕೆ. ಮೊದಮೊದಲು ಅಲ್ಲೂ ರಾಜನನ್ನು ಹಾರಿಸಲು ನೋಡುತ್ತಿದ್ದೆ. ಮೊಬೈಲು ಅವನನ್ನು ಸದ್ದಿಲ್ಲದೆ ವಾಪಸು ಮನೆಗೆ ಕಳಿಸುತ್ತಿತ್ತು. ನಗುತ್ತಿರಲಿಲ್ಲ. ಮನುಷ್ಯರ ಎದುರು ಮರದ ಕಾಯಿ ಹಿಡಿದು ಆಡುವುದು ಬೇರೆ ಎಂದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಸದಾಶಿವ ಪೇಠೆಗೆ ಹೋದೆ. ಹಳೆಯ ವಾಡೆಯೊಂದರ ಮಹಡಿಯ ಮೇಲೆ ಸಾಹೇಬರ ಟ್ಯೂಷನ್ ಕೋಣೆ. ಬಾಗಿಲ ಮೇಲೆ ಫಲಕ: ಬೆಲ್ ಒಂದೇ ಸಲ ಒತ್ತಿ, ಒಳಗಿರುವವರಿಗೆ ಕಿವಿ ಕೇಳುತ್ತದೆ. ನಾನು ಎರಡು ಸಲ ಒತ್ತಿದೆ. ಒಳಗೆ ಸಾಹೇಬರು ಬೋರ್ಡು ಹಾಕಿ ಗಡಿಯಾರ ಇಟ್ಟು ಕೂತಿದ್ದರು. ತಂಡದ ಇನ್ನಿಬ್ಬರು ನೋಡಲು ಬಂದಿದ್ದರು, ಕೈಯಲ್ಲಿ ಚಹಾ ಹಿಡಿದು.

ನನಗೆ ಬಿಳಿ ಕಾಯಿ. ನಡುವಿನ ಕಾಲಾಳು ಮುಂದೆ ಹೋಯಿತು, ಒಂಟೆ ಹೊರಗೆ ಬಂತು. ಕಾಯಿಗಳು ಭಾರವಾಗಿದ್ದವು, ಅಡಿಯಲ್ಲಿ ಬಟ್ಟೆ ಅಂಟಿಸಿದ್ದರು, ಹಿಡಿದರೆ ಬೋಲ್ಟು ಹಿಡಿದಂತೆಯೇ ಇತ್ತು. ಕೈಗೆ ಹಳೆಯದು ನೆನಪಾಯಿತು. ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ತಳ್ಳಿದೆ. ಮುಂದಿನ ನಡೆಯಲ್ಲಿ, ಕುದುರೆ ಇನ್ನೂ ತನ್ನ ಜಾಗದಲ್ಲೇ ನಿಂತಿರುವಾಗ, ರಾಜನನ್ನು ಎತ್ತಿ ಎರಡೂವರೆ ಮನೆ ಹಾರಿಸಿ ಗೂಡಿನಲ್ಲಿ ಕೂರಿಸಿ ಗಡಿಯಾರ ಒತ್ತಿದೆ.

ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬನಿಗೆ ನಗು ಉಕ್ಕಿ ಚಹಾ ನೆತ್ತಿಗೇರಿ ಕೆಮ್ಮು ಬಂತು. "ಹೀ ಕಸಲೀ ಉಡೀ?" ಅಂದ, ಇದೆಂಥ ಹಾರಾಟ ಎಂದು. ಇನ್ನೊಬ್ಬ, "ರಾಜನೇ ಕುದುರೆ ಏರಿಬಿಟ್ಟ," ಅಂದ. ನನ್ನ ಕಿವಿ ಸುಟ್ಟುಹೋಯಿತು. ನನಗೆ ನಾಚಿಕೆಯಾಗಿದ್ದು ತಪ್ಪಿಗಲ್ಲ. ಅಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹೇಳಿಕೊಟ್ಟಿದ್ದನ್ನು ಈ ಕೋಣೆಯಲ್ಲಿ ಇವರ ನಗುವಿಗೆ ಗುರಿಮಾಡಿದೆನಲ್ಲ ಎಂದು.

ಸಾಹೇಬರು ನಗಲಿಲ್ಲ. ಗಡಿಯಾರ ನಿಲ್ಲಿಸಿ ಮೆಲ್ಲಗೆ ಹೇಳಿದರು: "ಅಸೂ ದ್ಯಾ, ಇರಲಿ ಬಿಡಿ, ಮ್ಯಾಡಮ್. ಆಗುತ್ತೆ. ವಾಪಸು ತಗೊಳ್ಳಿ. ಮೊದಲು ಕುದುರೆ ತೆಗೆಯಿರಿ, ಆಮೇಲೆ ಆರಾಮಾಗಿ ಕ್ಯಾಸಲ್ ಮಾಡಿ. ಇದನ್ನೇನು ನಾವು ಅಷ್ಟು ಗಂಭೀರವಾಗಿ..."

ಆ ಕೊನೆಯ ಮಾತು ನನ್ನನ್ನು ಕೆರಳಿಸಿತು. ನಾನು ಒಂದು ವಾರ ಅನ್ನ ಬಿಟ್ಟಿದ್ದೆ, ಇವರಿಗೆ ಇದು ಗಂಭೀರವಲ್ಲ.

"ಮುಟ್ಟಿದ ಕಾಯಿ ನಡೆಸಬೇಕು ಅಂತ ನಿಯಮ ಇದೆಯಲ್ಲ ಸರ್?"

"ಇದೆ, ಆದರೆ..."

"ಮತ್ತೆ ರಾಜನನ್ನೇ ನಡೆಸ್ತೀನಿ."

ರಾಜನನ್ನು ಹಿಂದಕ್ಕೆ ತಂದು ಅವನ ಮನೆಯಲ್ಲಿಟ್ಟೆ, ಅಲ್ಲಿಂದ ಪಕ್ಕಕ್ಕೆ ಒಂದೇ ಒಂದು ಹೆಜ್ಜೆ ಇಡಿಸಿದೆ. ಒಮ್ಮೆ ರಾಜ ಕದಲಿದರೆ ಮುಗಿಯಿತು, ಆ ಆಟದಲ್ಲಿ ಮತ್ತೆ ಕ್ಯಾಸ್ಲಿಂಗ್ ಇಲ್ಲ. ಹಾರಿಕೆಯೂ ಹೋಯಿತು, ಕೋಟೆಯೂ ಹೋಯಿತು. ಸಾಹೇಬರು ತಲೆಯಾಡಿಸಿದರು, ತಾನಾಗಿ ಹಳ್ಳಕ್ಕೆ ಬೀಳುವವಳನ್ನು ಯಾರು ತಡೆಯಬೇಕು ಎನ್ನುವಂತೆ. ಗಡಿಯಾರ ಮತ್ತೆ ಶುರುವಾಯಿತು.

ಅವರು ಎಲ್ಲ ಶಾಸ್ತ್ರಬದ್ಧವಾಗಿ ಮಾಡಿದರು. ಮಂತ್ರಿಯ ಪಕ್ಕಕ್ಕೆ, ಅಂದರೆ ನನ್ನ ರಾಜನಿಂದ ದೂರದ ಕಡೆಗೆ, ಕ್ಯಾಸಲ್ ಮಾಡಿಕೊಂಡರು. ತನ್ನ ರಾಜ ಆ ಕಡೆ ಇದ್ದರೆ ಈ ಕಡೆಯ ಕಾಲಾಳುಗಳನ್ನು ಧೈರ್ಯವಾಗಿ ಓಡಿಸಬಹುದು, ಮನೆಯ ಗೋಡೆ ಬಿಚ್ಚೀತೆಂಬ ಭಯವಿಲ್ಲ. ಆಮೇಲೆ ದಂಡು ಹೊರಟಿತು. ಮೂಲೆಯ ಕಾಲಾಳು ಎರಡು ಮನೆ, ಮತ್ತೊಂದು ಮನೆ. ಅದರ ಪಕ್ಕದ್ದು ಎರಡು ಮನೆ. ಎಲ್ಲವೂ ನನ್ನ ರಾಜನ ಕಡೆಗೇ.

ಅವುಗಳಿಗೆ ಕಾಲಿಡಲು ಜಾಗ ಮಾಡಿಕೊಟ್ಟದ್ದು ನಾನೇ. ಗೂಡಿಗೆಂದು ಒಂದು ಮನೆ ಮುಂದೆ ತಳ್ಳಿದ್ದ ಆ ಕಾಲಾಳು. ಅಪ್ಪ ಗೋಡೆ ಕಟ್ಟುವಾಗ ಹೇಳುತ್ತಿದ್ದ: "ಒಂದು ಇಟ್ಟಂಗಿ ಹೊರಗ ಬಂತಂದ್ರ ಕಳ್ಳ ಅದರ ಮ್ಯಾಲೆ ಕಾಲಿಟ್ಟು ಹತ್ತತಾನ." ರಾಜನ ಮುಂದಿನ ಮೂರು ಕಾಲಾಳುಗಳು ತಮ್ಮ ಸಾಲಿನಲ್ಲೇ ಇದ್ದರೆ ಎದುರಿನ ದಂಡಿಗೆ ಕಚ್ಚಲು ಏನೂ ಸಿಗುವುದಿಲ್ಲ, ದೂರ ನಡೆದು ಬರಬೇಕು. ಒಂದು ಮುಂದೆ ಬಂದಿದ್ದರೆ ಅದನ್ನೇ ಹಿಡಿದು ಎಳೆಯುತ್ತಾರೆ.

ಭಯವಾಯಿತು. ಭಯವಾದಾಗ ಕೈ ಮಾಡುವ ಮೊದಲ ಕೆಲಸ ಇನ್ನೊಂದು ಕಾಲಾಳನ್ನು ತಳ್ಳಿ ಬಾಗಿಲು ಹಾಕಲು ನೋಡುವುದು. ಮೂಲೆಯ ಕಾಲಾಳಿನ ಮೇಲೆ ನನ್ನ ಬೆರಳು ಹೋಗಿಯೇಬಿಟ್ಟಿತ್ತು. ಮುಟ್ಟಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕಾರ್ಖಾನೆಯಲ್ಲಿ ಅನುಮಾನ ಬಂದ ತುಂಡನ್ನು ಅಳೆಯುವ ಮೊದಲು ಹಾಗೇ ಮಾಡುತ್ತೇನೆ, ಕೈಯ ಬಿಸಿ ತುಂಡಿಗೆ ತಾಗಬಾರದು. ಎದುರಿಗಿದ್ದವರು ಇದೇನು ಎಂದು ನೋಡಿದರು. ನೋಡಲಿ.

ಬೋರ್ಡನ್ನು ಒಂದು ತುಂಡಿನ ಹಾಗೆ ನೋಡಿದೆ. ನಡುವೆ ನನ್ನ ಕಾಲಾಳುಗಳೂ ಅವರ ಕಾಲಾಳುಗಳೂ ಎದುರುಬದುರು ಸಿಕ್ಕಿಹಾಕಿಕೊಂಡು ನಿಂತಿದ್ದವು. ನಡು ಮುಚ್ಚಿದೆ. ಅಂದರೆ ಅದರ ಹಿಂದೆ ರಾಜ ನಡೆದುಹೋಗಬಹುದು, ಯಾರೂ ಥಟ್ಟನೆ ಹೊಡೆಯಲಾರರು. ನಡು ತೆರೆದಿದ್ದರೆ ನಾನು ಸತ್ತೆ. ಇನ್ನೊಂದು ವಿಷಯ ಆಗ ಕಂಡಿತು. ಕ್ಯಾಸಲ್ ಮಾಡಲಿಲ್ಲವಲ್ಲ, ನನ್ನ ಬಲಗಡೆಯ ಆನೆ ಇನ್ನೂ ತನ್ನ ಮೂಲೆಯಲ್ಲೇ ಇತ್ತು. ಸಾಹೇಬರು ಯಾವ ಸಾಲನ್ನು ಬಿಚ್ಚಲು ಇಷ್ಟೆಲ್ಲ ಓಡಿಸುತ್ತಿದ್ದರೋ ಅದೇ ಸಾಲಿನಲ್ಲಿ. ಅವರು ಬಾಗಿಲು ಒಡೆದರೆ ಒಳಗೆ ಆನೆ ಕೂತಿದೆ.

ರಾಜನನ್ನು ನಡೆಸಿದೆ. ಒಂದು ಮನೆ. ಅವರ ಕಾಲಾಳು ಇನ್ನೊಂದು ಹೆಜ್ಜೆ ಬಂತು. ಮತ್ತೊಂದು ಮನೆ. ಚಹಾ ಕುಡಿಯುತ್ತಿದ್ದವರು ಪಿಸುಗುಟ್ಟಿದರು, ಈ ಬಾಯಿಗೆ ರಾಜನನ್ನು ಕೂರಿಸಲು ಬರುವುದಿಲ್ಲವೆಂದು. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ನನಗೆ ಒಳಗೊಳಗೆ ನಗು ಬಂತು. ಕೂರುವುದು ನಮಗೆ ಯಾವ ಕಾಲಕ್ಕೆ ಬರುತ್ತಿತ್ತು? ಫರಸಿ ಬೀಳುವ ಮುಂಚೆ ಗಂಟುಮೂಟೆ ಹೊತ್ತು ನಡೆದವರು ನಾವು. ಬೇರೆಯವರ ದಂಡು ಬರುವಷ್ಟರಲ್ಲಿ ಮನೆ ಖಾಲಿ ಮಾಡಿ ಅಭ್ಯಾಸ. ರಾಜ ಒಂದೊಂದೇ ಮನೆ ದಾಟಿ ಆ ಕಡೆ ಸೇರಿದ.

ದಂಡು ಬಂದು ಮುಟ್ಟಿತು. ಅವರ ಮೂಲೆಯ ಕಾಲಾಳು ಕೊಡಲಿ ಎತ್ತಿ ನನ್ನ ಗೂಡಿನ ಕಾಲಾಳನ್ನು ಹೊಡೆಯಿತು. ನಾನು ನನ್ನ ಮೂಲೆಯ ಕಾಲಾಳಿನಿಂದ ತಿರುಗಿ ಹೊಡೆದು ಗೂಡಿನ ಕಾಲಾಳಿನ ಜಾಗದಲ್ಲಿ ಅದನ್ನೇ ನಿಲ್ಲಿಸಿದೆ. ಮೂಲೆಯ ಸಾಲು ಬಿಚ್ಚಿಕೊಂಡಿತು. ಸಾಹೇಬರ ಆನೆಯ ಎದುರಿಗೆ ನನ್ನ ಆನೆ. ಅದು ಹೊಡೆಯಬೇಕೆಂದಿದ್ದ ರಾಜ ಅಲ್ಲಿ ಇಲ್ಲ. ಸಾಹೇಬರು ಮತ್ತೆ ಕನ್ನಡಕ ತೆಗೆದು ಒರೆಸಿದರು, ಈ ಸಲ ತುಂಬಾ ಹೊತ್ತು. ರಾಜ ನಡುವಿನಿಂದ ಸರಿದಿದ್ದರಿಂದ ನನ್ನ ಎರಡನೆಯ ಆನೆಗೂ ಹಿಂದಿನ ಸಾಲು ತೆರವಾಗಿತ್ತು. ಎರಡು ಜೊತೆ ಆನೆಗಳೂ, ಆಮೇಲೆ ಇಬ್ಬರ ಮಂತ್ರಿಗಳೂ, ಒಂದರ ಹಿಂದೊಂದು ಆ ಸಾಲಿನಲ್ಲೇ ಬಿದ್ದವು. ದೂರ ಓಡಿಬಂದ ಅವರ ಇನ್ನೊಂದು ಕಾಲಾಳು ಹಿಂದೆ ಮುಂದೆ ಯಾರೂ ಇಲ್ಲದೆ ಒಂಟಿಯಾಗಿ ನಿಂತಿತ್ತು. ಕುದುರೆಯಿಂದ ಅದನ್ನು ಎತ್ತಿಕೊಂಡೆ. ಅದನ್ನು ಉಳಿಸಲು ಬಂದ ಮೂರನೆಯದೂ ಸತ್ತಿತು.

ಈಗ ಆ ಕಡೆ ಅವರದೊಂದು ಕಾಲಾಳೂ ಉಳಿದಿರಲಿಲ್ಲ, ಗೂಡಿನ ಜಾಗದ ನನ್ನ ಕಾಲಾಳಿನ ಮುಂದೆ ಬಯಲು. ನಡೆಸಿದೆ. ಸಾಹೇಬರ ರಾಜ ಬೋರ್ಡಿನ ಆ ತುದಿಯಲ್ಲಿ ಕೋಟೆಯೊಳಗೆ ಭದ್ರವಾಗಿ ಕೂತಿದ್ದ, ಅಲ್ಲಿಂದ ಎದ್ದು ಓಡಿಬರಲು ಶುರುಮಾಡಿದ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಎರಡು ಮನೆ ಹಿಂದೆ ಬಿದ್ದ. ನನ್ನ ಕಾಲಾಳು ಕೊನೆಯ ಸಾಲು ಮುಟ್ಟಿತು.

"ಮಂತ್ರಿ ತಾನೆ?" ಸಾಹೇಬರು ಕೇಳಿದರು.

ಅಪ್ಪನ ಪದ್ಧತಿಯಲ್ಲಿ ಕಾಲಾಳು ಯಾವ ಸಾಲಿನಲ್ಲಿ ಹೋಗಿ ಮುಟ್ಟುತ್ತದೋ ಆ ಸಾಲಿನ ಕಾಯಿಯೇ ಆಗಬೇಕು. ಇದು ಕುದುರೆಯ ಸಾಲು.

"ನಮ್ಮಲ್ಲಾದರೆ ಕುದುರೆ ಆಗಬೇಕಿತ್ತು ಸರ್. ಈ ನಿಯಮ ಮಾತ್ರ ನಿಮ್ಮದೇ ಇರಲಿ. ಮಂತ್ರಿ."

ಅವರು ತಮ್ಮ ರಾಜನನ್ನು ಮಲಗಿಸಿ ಕೈ ಚಾಚಿದರು. ಕೈ ಬೆಚ್ಚಗಿತ್ತು, ಹಿಡಿತ ಸರಿಯಾಗಿತ್ತು. ಅಷ್ಟು ಮಾತ್ರ ಹೇಳಬೇಕು. ಮರುದಿನ ನೋಟೀಸು ಬೋರ್ಡಿನಲ್ಲಿ ನಾಲ್ಕನೆಯ ಹೆಸರು ನನ್ನದೇ ಇತ್ತು.

ಆದರೆ ಆ ಭಾನುವಾರ ಮುಗಿದದ್ದು ಅಲ್ಲಿ ಅಲ್ಲ. ಅಪ್ಪ ಈಗ ನನ್ನ ಜೊತೆಯೇ ಇದ್ದಾನೆ. ಸಿಮೆಂಟು ತಿಂದ ಬೆರಳು, ಲೋಟ ಹಿಡಿದರೆ ನಡುಗುತ್ತದೆ. ನಾನು ಬಸ್ಸಿಳಿದು ಮನೆಗೆ ಬಂದು ಖುಷಿಯಲ್ಲಿ ಕಥೆಯನ್ನು ಮೊದಲಿನಿಂದ ಹೇಳಲು ಕೂತೆ. ಹೇಗೆ ಹಾರಿಸಿದೆ, ಹೇಗೆ ಒಬ್ಬನಿಗೆ ಚಹಾ ನೆತ್ತಿಗೇರಿತು, ರಾಜ ಕುದುರೆ ಏರಿದ ಎಂದು ಇನ್ನೊಬ್ಬ ಹೇಗೆ ಅಂದ. ಅಪ್ಪನೂ ನಗುತ್ತಾನೆ ಅಂದುಕೊಂಡಿದ್ದೆ.

ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ನಾ ತಪ್ಪು ಕಲಿಸಿದೆನೇನವ್ವಾ ನಿನಗ?" ಅಂದ.

ಅಪ್ಪ ಯಾವ ಇಂಜಿನಿಯರನ ಎದುರೂ ತಲೆ ತಗ್ಗಿಸಿದವನಲ್ಲ. ಗೋಡೆ ಡೊಂಕು ಎಂದರೆ ಓಳಂಬದ ತೂಗುಗುಂಡು ಕೈಗೆ ಕೊಟ್ಟು ನೀನೇ ನೋಡು ಎಂದವನು. ಅವನು ತನಗೆ ಗೊತ್ತಿದ್ದ ಒಂದು ವಿದ್ಯೆಗೆ ನಾಚಿಕೊಂಡದ್ದನ್ನು ನಾನು ಅವತ್ತೇ ನೋಡಿದ್ದು. ಆ ಕೋಣೆಯಲ್ಲಿ ಬಾರದ ಅಳು ಆಗ ಬಂತು, ಅದರ ಜೊತೆ ಸಿಟ್ಟೂ ಬಂತು.

"ಏನ್ ತಪ್ಪಪ್ಪಾ? ಅವರ ರಾಜಗ ಅಡಗಿ ಕುಂದ್ರಾಕ ಅಷ್ಟಽ ಬರ್ತದ. ನಿನ್ನ ರಾಜಗ ಹಾರಾಕ ಬರ್ತದ, ನಡಿಲಾಕ ಬರ್ತದ. ಇವತ್ತ ನಡಕೋತ ಹೋಗಿ ಗೆದ್ದಾನ."

"ಗೆದ್ದಿಯೇನು?"

"ಗೆದ್ದೆ."

ಅಪ್ಪ ತನ್ನ ಟ್ರಂಕಿನಿಂದ ಆ ನಲ್ಲಿಯ ಹಿಡಿ ತೆಗೆದು ನನ್ನ ಮುಂದಿಟ್ಟ. "ಮತ್ತ ನಕ್ಕವರಿಗೂ ಕಲಿಸು. ಇಲ್ಲಂದ್ರ ನಗಲಾರದವರಿಗೆ ಕಲಿಸು," ಅಂದ.

ನಗಲಾರದವರಿಗೆ ಕಲಿಸಿದೆ. ಊಟದ ಹೊತ್ತಿನಲ್ಲಿ, ಕ್ಯಾಂಟೀನಿನ ಮೂಲೆಯ ಮೇಜಿನ ಮೇಲೆ, ಪ್ಯಾಕಿಂಗಿನ ಇಬ್ಬರು ಹೆಂಗಸರು, ನನ್ನ ವಿಭಾಗದ ಒಬ್ಬಳು. ಕೆಂಪು ಟ್ರೇಯ ತಪ್ಪು ನಟ್ಟುಗಳೇ ಕಾಲಾಳು, ಸ್ಟೋರಿನವರಿಗೆ ಹೇಳಿ ತಂದದ್ದು. ಹೊರಗೆ ಬಂದ ಇಟ್ಟಿಗೆಯ ಮಾತು ಮೊದಲು ಹೇಳಿದೆ. ನಡು ಮುಚ್ಚಿದೆಯೋ ತೆರೆದಿದೆಯೋ ನೋಡು, ದಂಡು ಯಾವ ಕಡೆಯಿಂದ ಬರುತ್ತದೆ ನೋಡು, ಆಮೇಲೆ ಎಲ್ಲಿ ಕೂರಬೇಕೆಂದು ತೀರ್ಮಾನಿಸು, ಕೂರಲೇಬೇಕೆಂದು ಯಾರೂ ಹೇಳಿಲ್ಲ. ಕ್ಯಾಸ್ಲಿಂಗ್ ಕಲಿಸಿದೆ. ಕ್ಯಾಸ್ಲಿಂಗ್ ಕಲಿಸುವ ಮೊದಲು ಅಪ್ಪನ ಹಾರಿಕೆ ಕಲಿಸಿದೆ, ಅದನ್ನು ಮನೆಯಲ್ಲಿ ಆಡಿ, ಪಂದ್ಯದಲ್ಲಿ ಬೇಡ ಎಂದು ಹೇಳಿ.

ಈ ವರ್ಷ ಗಣಪತಿಗೆ ಎಂದಿನಂತೆ ಎರಡು ಹಾಳೆ ಅಂಟಿಸಿದರು. ಚೆಸ್ಸಿನ ಹಾಳೆಯಲ್ಲಿ ನಾಲ್ಕು ಹೆಂಗಸರ ಹೆಸರು ಬಿತ್ತು. ರಂಗೋಲಿಯ ಹಾಳೆ ಮೂರು ದಿನವಾದರೂ ಬೆಳ್ಳಗೇ ಇತ್ತು. ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಎಲ್ಲರೂ ಚೆಸ್ಸಿಗೇ ಬಂದರೆ ರಂಗೋಲಿಗೆ ಯಾರು ಮ್ಯಾಡಮ್?"

ಮೈಕ್ರೋಮೀಟರು ಕೆಳಗಿಟ್ಟು ಹೇಳಿದೆ: "ಜಾಗ ಖಾಲಿ ಇದೆ ಸರ್. ಬನ್ನಿ, ಒಂದು ರಂಗೋಲಿ ಹಾಕಿ ತೋರಿಸಿ, ನೋಡೋಣ."